ಗಾಡಿಯ ಮೇಲೆ ದೋಣಿ

ಬೊರಿವಲಿ ಎಂದೊಡನೆ ನಮ್ಮವರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅದರ ಮೂಡಣ ಮಗ್ಗುಲು. ರೈಲಿನಿಂದಿಳಿದು ಪೂರ್ವಕ್ಕೆ ಹೊರಳಿದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಕಾಡಿನೊಳಗೆ ಹೋದರೆ ಕಾನ್ಹೇರಿಯ ಬೌದ್ಧ ಗುಹೆಗಳು, ಒಂದಲ್ಲ ಎರಡಲ್ಲ, ನೂರಕ್ಕೂ ಮೇಲ್ಪಟ್ಟು. ಊರಿನಿಂದ ಬಂದ ನೆಂಟರಿಗೆ ತೋರಿಸಲೇಬೇಕಾದ ಸ್ಥಳಗಳ ಪಟ್ಟಿಯಲ್ಲಿ ಇವು ತಪ್ಪುವುದಿಲ್ಲ. ಆದರೆ ಬೊರಿವಲಿಗೆ ಪಡುವಣ ಮಗ್ಗುಲೂ ಒಂದಿದೆ. ಅತ್ತ ಕಟ್ಟಡಗಳ ಸಾಲು ಮುಗಿದಲ್ಲಿ ಕಾಂಡ್ಲಾ ಗಿಡಗಳ ಹಸಿರು, ಹಸಿರಿನಾಚೆ ಗೋರಾಯಿಯ ಉಪ್ಪುನೀರಿನ ಖಾಡಿ, ಖಾಡಿಯಾಚೆ ಕೋಳಿ ಜನರ ಹಳ್ಳಿಗಳು, ಅವುಗಳಾಚೆ ಕಡಲು. ೨೦೦೯ರಲ್ಲಿ ಉದ್ಘಾಟನೆಗೊಂಡ ವಿಪಶ್ಯನಾ ಪಗೋಡದ ಹೊಂಬಣ್ಣದ ಶಿಖರ ಆಚೆಯ ದಡದಿಂದ ಈಚೆಯ ಗದ್ದಲವನ್ನು ಮೌನವಾಗಿ ನೋಡುತ್ತಿರುತ್ತದೆ.

ಗೋರಾಯಿ ಜೆಟ್ಟಿಯಲ್ಲಿ ಅರ್ಧ ತಾಸು ನಿಂತರೆ ಸಾಕು, ಕರಾವಳಿಯವರಿಗೆ ಊರು ನೆನಪಾಗದೆ ಇರದು. ಅದೇ ಕೆಸರಿನ ವಾಸನೆ, ಅದೇ ಇಳಿತದ ಹೊತ್ತಿನ ಬತ್ತಿದ ದಡ, ಅದೇ ಒಣಮೀನಿನ ಬುಟ್ಟಿ. ದೋಣಿಗೆ ಜನ ಹತ್ತುತ್ತಾರೆ. ತರಕಾರಿ ಚೀಲ, ಶಾಲೆಯ ಚೀಲ ಹತ್ತುತ್ತವೆ. ಕಡೆಗೆ ಸ್ಕೂಟರು, ಮೋಟಾರು ಸೈಕಲ್ಲುಗಳೂ ಹಲಗೆಯ ಮೇಲೆ ಉರುಳಿ ಬಂದು ಸಾಲಾಗಿ ನಿಲ್ಲುತ್ತವೆ. ‘ಒಮ್ಮೆ ದೋಣಿಯ ಮೇಲೆ ಗಾಡಿ, ಒಮ್ಮೆ ಗಾಡಿಯ ಮೇಲೆ ದೋಣಿ’ ಎಂದು ಉತ್ತರದ ಕಡೆಯವರಲ್ಲಿ ಒಂದು ಗಾದೆಯಿದೆ. ಕಾಲ ಯಾರನ್ನು ಎಲ್ಲಿ ಕೂಡಿಸುವುದೋ ಹೇಳಲಾಗದು ಎಂದು ಅದರ ತಾತ್ಪರ್ಯ. ಗಾದೆಯ ಮೊದಲರ್ಧವನ್ನು ಗೋರಾಯಿಯಲ್ಲಿ ಯಾವ ದಿನ ಹೋದರೂ ಕಾಣಬಹುದು. ಎರಡನೆಯ ಅರ್ಧವನ್ನು ಕಂಡ ಬಗೆಯನ್ನೇ ಇಲ್ಲಿ ಬರೆಯಹೊರಟಿದ್ದೇವೆ.

ದೋಣಿ ನೀರು ಬಿಟ್ಟು ನೆಲಕ್ಕೆ ಬರುವುದು ಮಳೆಗಾಲದಲ್ಲಿ. ಜೂನ್ ೧ರಿಂದ ಜುಲೈ ೩೧ರವರೆಗೆ, ಅರುವತ್ತೊಂದು ದಿನ, ಪಡುವಣ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ತಡೆ; ಮಲ್ಪೆ, ಗಂಗೊಳ್ಳಿಗಳಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. ಆಗ ಕೋಳಿ ಜನ ದೋಣಿಗಳನ್ನು ದಡಕ್ಕೆಳೆದು, ಅಡಿಗೆ ಮರದ ದಿಮ್ಮಿ ಕೊಟ್ಟು, ಎರಡೂ ಮಗ್ಗುಲಿಗೆ ಊರೆಕಟ್ಟಿ ನಿಲ್ಲಿಸುತ್ತಾರೆ. ನಾರಳೀ ಪೂರ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಬಣ್ಣ ಬಳಿದ ದೋಣಿಗಳನ್ನು ಮತ್ತೆ ನೀರಿಗಿಳಿಸುವುದು ಅವರ ದೊಡ್ಡ ಹಬ್ಬ. ಹಾಗೆ ಒಣನೆಲದಲ್ಲಿ ನಿಂತ ದೋಣಿಯನ್ನು ನೋಡುತ್ತ ನಿಂತಾಗ ಕೋಳಿ ಮುದುಕರೊಬ್ಬರು ಹೇಳಿದ ಮಾತು ಇದು: “ನೀರು ದೋಣಿಯನ್ನು ನೂರು ಕೈಯಿಂದ ಹಿಡಿದಿರುತ್ತದೆ. ನೆಲಕ್ಕೆ ಇರುವುದು ನಾಲ್ಕೇ ಕೈ. ಆ ನಾಲ್ಕನ್ನು ಎಲ್ಲಿ ಕೊಡಬೇಕೆಂದು ತಿಳಿದಿರಬೇಕು.”

ಈ ಮಾತನ್ನು ಮರೆಯದಿದ್ದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ದೋಣಿಯನ್ನು ಗಾಡಿಯ ಮೇಲೇರಿಸಿ ರಸ್ತೆಯಲ್ಲಿ ಎಳೆದೊಯ್ಯುವುದು ಸಿರಿವಂತರ ಮೋಜಲ್ಲವೆ ಎಂದು ವಾಚಕರು ಕೇಳಬಹುದು. ಮೋಜೂ ಹೌದು, ಆದರೆ ಅಷ್ಟೇ ಅಲ್ಲ. ೨೦೦೫ರ ಜುಲೈ ೨೬ನ್ನು ಮುಂಬಯಿಯಲ್ಲಿದ್ದವರು ಯಾರೂ ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ತಾಸಿನಲ್ಲಿ ೯೪೪ ಮಿಲಿಮೀಟರ್ ಮಳೆ. ಇದೇ ರಾಷ್ಟ್ರೀಯ ಉದ್ಯಾನದಲ್ಲಿ ಹುಟ್ಟಿ ಬೊರಿವಲಿಯ ನಡುವೆ ಸಾಗುವ ದಹಿಸರ ನದಿ ಅಂದು ದಡ ಮೀರಿ ಮನೆಗಳೊಳಗೆ ಬಂದಿತ್ತು. ರಸ್ತೆಯಲ್ಲಿ ಕಾರು ತೇಲುವಾಗ ಬೇಕಾದದ್ದು ದೋಣಿ. ಆ ದೋಣಿ ಬರಬೇಕಾದದ್ದು ಮತ್ತೆ ರಸ್ತೆಯ ಮೇಲೆಯೇ. ಮರುವರ್ಷ, ೨೦೦೬ರಲ್ಲಿ, ರಚನೆಯಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಇಂದು ನೆರೆ ಬಂದಲ್ಲಿಗೆ ಗಾಳಿ ತುಂಬುವ ರಬ್ಬರು ದೋಣಿಗಳನ್ನು ಹೊತ್ತು ಧಾವಿಸುವುದನ್ನು ಮುಂಬಯಿಯಲ್ಲಿಯೂ ಕಂಡಿದ್ದೇವೆ, ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಬೆಳಗಾವಿಯ ಕಡೆಯೂ ಕಂಡಿದ್ದೇವೆ. ನೆಲದ ಮೇಲಿನ ದೋಣಿಯ ಪ್ರಯಾಣ ಕೆಲವರ ಪಾಲಿಗೆ ಪ್ರಾಣದ ಪ್ರಶ್ನೆ.

ನಾವು ಕಂಡ ದೋಣಿಯ ಹಿಂದೆಯೂ ಅಂಥದೊಂದು ಅಗತ್ಯವಿತ್ತು. ನಮ್ಮ ಪರಿಚಯದ ಅಣ್ಣತಮ್ಮಂದಿರಿಬ್ಬರು ಬೊರಿವಲಿಯಲ್ಲಿ ಬಹುಕಾಲದಿಂದ ನೆಲಸಿದವರು. ಮೂಲ ಊರು ಗಂಗೊಳ್ಳಿಯ ಹತ್ತಿರದ ಒಂದು ಕುದ್ರು. ಕುದ್ರು ಎಂದರೆ ಹೊಳೆಯ ನಡುವಣ ನಡುಗಡ್ಡೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಣ ವಾಚಕರಿಗಾಗಿ ಬರೆದೆವು. ಅಲ್ಲಿಯ ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಮೂರನೆಯ ತಮ್ಮ, ಅವನ ಶಾಲೆಗೆ ಹೋಗುವ ಮಕ್ಕಳು. ಶಾಲೆ, ಅಂಗಡಿ, ಆಸ್ಪತ್ರೆ ಎಲ್ಲವೂ ನೀರಿನಾಚೆ. ಇದ್ದ ಮರದ ದೋಣಿ ಮುದಿಯಾಗಿ ಹಲಗೆ ಬಿಟ್ಟಿತ್ತು. ಇತ್ತ ಮುಂಬಯಿಯಲ್ಲಿ ಪರಿಚಿತರೊಬ್ಬರಿಂದ ಹದಿನಾಲ್ಕು ಅಡಿಯ ಫೈಬರ್ ದೋಣಿಯೊಂದು ಯಂತ್ರ ಸಹಿತ ಅಗ್ಗಕ್ಕೆ ದೊರೆಯಿತು. ಲಾರಿಗೆ ಹಾಕಿ ಕಳಿಸಬಹುದಿತ್ತು. ಆದರೆ ಮಳೆಗಾಲದ ನೆರೆಯಲ್ಲಿ ದೋಣಿಯನ್ನು ಮೇಲಕ್ಕೆಳೆಯಲು ಊರಿನಲ್ಲಿ ಒಂದು ಗಾಡಿಯೂ ಬೇಕು. ಆದ್ದರಿಂದ ಟ್ರೇಲರ್ ಒಂದನ್ನು ತರಿಸಿ, ಅದರ ಮೇಲೆಯೇ ದೋಣಿಯನ್ನು ಒಯ್ಯುವುದೆಂದು ನಿಶ್ಚಯವಾಯಿತು. ತಮ್ಮನ ಬಳಿ ಪಿಕಪ್ ಜೀಪು ಇತ್ತು. ಟ್ರೇಲರಿನಷ್ಟು ಭಾರವನ್ನು ಅದು ಎಳೆಯಬಲ್ಲುದೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಂಡದ್ದೇ ಮೊದಲ ಕೆಲಸ. ಎಲ್ಲ ವಾಹನಕ್ಕೂ ಆ ಸಾಮರ್ಥ್ಯವಿರುವುದಿಲ್ಲ. ಹಿಂದೆ ಕೊಕ್ಕೆಯಿದೆ ಎಂದ ಮಾತ್ರಕ್ಕೆ ಎಳೆಯಬಹುದೆಂದಲ್ಲ.

ಟ್ರೇಲರ್ ಬಂದದ್ದು ಗಾಡಿಯಾಗಿ ಅಲ್ಲ, ಕಟ್ಟುಗಳಾಗಿ. ಕಬ್ಬಿಣದ ಚೌಕಟ್ಟು, ಅಚ್ಚು, ಕಮಾನು ಪಟ್ಟಿಗಳು, ಎರಡು ಗಾಲಿ, ಉರುಳೆಗಳು, ಹಗ್ಗ ಸುತ್ತುವ ರಾಟೆ, ದೀಪಗಳು, ಒಂದು ಚೀಲದ ತುಂಬ ನಟ್ಟು ಬೋಲ್ಟು. ಜೆಟ್ಟಿಗೆ ಹೋಗುವ ದಾರಿಯ ಪಕ್ಕದ ಗ್ಯಾರೇಜೊಂದರ ಅಂಗಳದಲ್ಲಿ ಎರಡು ಭಾನುವಾರ ಇದರ ಜೋಡಣೆ ನಡೆಯಿತು. ಊರಿಗೆ ಅದೇ ವೇಳೆಗೆ ಹೊರಡುವವರಿದ್ದ ನಾವೂ ಅಲ್ಲಿಗೆ ಹೋಗಿ, ಪಾನಾ ಎತ್ತಿ ಕೊಡುವಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂದೆವು.

ದೊಡ್ಡಣ್ಣನವರ ತಂದೆ ಕುಂದಾಪುರದ ಕಡೆ ಎತ್ತಿನ ಗಾಡಿಯಲ್ಲಿ ಹಂಚು ಸಾಗಿಸುತ್ತಿದ್ದವರು. ಆ ವಿದ್ಯೆ ಮಗನ ಕೈಯಲ್ಲಿ ಉಳಿದಿತ್ತು. ಸಾಮಾನುಗಳನ್ನೆಲ್ಲ ಹಾಸಿದ ಗೋಣಿಯ ಮೇಲೆ ಹರಡಿ, ಪಟ್ಟಿಯೊಡನೆ ಒಂದೊಂದನ್ನೂ ತಾಳೆ ನೋಡಿದರು. ಚೌಕಟ್ಟನ್ನು ಮಗುಚಿಟ್ಟು, ಕಮಾನು ಪಟ್ಟಿ, ಅಚ್ಚುಗಳನ್ನು ಮೇಲಿನಿಂದ ಕೂಡಿಸಿದರು. ಬೋಲ್ಟುಗಳನ್ನು ಮೊದಲಿಗೆ ಕೈಬಿಗಿ ಮಾತ್ರ ಮಾಡಿ, ಎಲ್ಲ ಸೇರಿದ ಮೇಲೆಯೇ ಪಾನಾ ಹಾಕಿದರು. ಒಂದನ್ನು ಮೊದಲೇ ಬಿಗಿದರೆ ಇನ್ನೊಂದರ ತೂತು ಕೂಡುವುದಿಲ್ಲ.

ಬಿಗಿಯುವ ಮುನ್ನ ಎರಡು ಅಳತೆ. ಬಾಗಿಲ ಚೌಕಟ್ಟನ್ನು ಕೂಡಿಸುವ ಬಡಗಿ ಮೂಲೆಯಿಂದ ಮೂಲೆಗೆ ನೂಲು ಹಿಡಿದು ಎರಡೂ ಕರ್ಣ ಸಮವೇ ಎಂದು ನೋಡುತ್ತಾನಲ್ಲವೆ, ಅದೇ ಮೊದಲನೆಯದು. ಎರಡನೆಯದು, ಮುಂದಿನ ಕೊಂಡಿಯಿಂದ ಅಚ್ಚಿನ ಬಲತುದಿಗೂ ಎಡತುದಿಗೂ ಇರುವ ದೂರ. ಇವೆರಡು ಸಮವಿಲ್ಲದಿದ್ದರೆ ಗಾಡಿ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆ. ಟೈರು ಒಂದೇ ಮಗ್ಗುಲು ಸವೆಯುತ್ತದೆ. ಇಲ್ಲಿ ಒಂದು ಬೆರಳಿನಷ್ಟು ವ್ಯತ್ಯಾಸ ಬಂದಿತ್ತು. ಅಚ್ಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಪಡಿಸಿದ ಮೇಲೆ ಬೋಲ್ಟುಗಳನ್ನು ಬಿಗಿದರು.

ಗಾಲಿಯ ಗುಂಬದೊಳಗೆ ಬೇರಿಂಗಿಗೆ ಗ್ರೀಸು ತುಂಬುವ ಕೆಲಸ ತಮ್ಮನದಾಯಿತು. ಮೇಲಕ್ಕೆ ಸವರಿದರೆ ಸಾಲದು. ಅಂಗೈಯಲ್ಲಿ ಗ್ರೀಸಿಟ್ಟುಕೊಂಡು ಬೇರಿಂಗನ್ನು ಒತ್ತಿ ಒತ್ತಿ, ಆಚೆಯ ಸಂದಿನಿಂದ ಅದು ಉಕ್ಕಿ ಬರುವವರೆಗೂ ತುಂಬಬೇಕು. ಅನಂತರ ನಡುವಣ ನಟ್ಟನ್ನು ಬಿಗಿದು, ಮತ್ತೆ ತುಸು ಸಡಿಲಿಸಿ, ಅಡ್ಡಲಾಗಿ ಪಿನ್ನು ಹಾಕಿ ಅದರ ಕಾಲುಗಳನ್ನು ಬಗ್ಗಿಸಬೇಕು. ಹಳೆಯ ಬಂಡಿಯ ಕಡೆಗೀಲೇ ಇದು. ಎಷ್ಟು ದೊಡ್ಡ ಬಂಡಿಯಾದರೂ ಗಾಲಿ ಕಳಚದಂತೆ ಕಾಯುವುದು ಒಂದು ಬೆರಳಿನ ಗಾತ್ರದ ಕೀಲು. ಗಾಲಿಯ ನಟ್ಟುಗಳನ್ನು ಸುತ್ತಿನ ವರಸೆಯಲ್ಲಿ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿದರು. ಗಾಲಿ ಓರೆಯಾಗದೆ ಕೂಡುವುದು ಹಾಗೆ ಮಾಡಿದರೇ.

ಮರುವಾರ ದೋಣಿಯನ್ನು ಗಾಡಿಗೇರಿಸಿದರು. ಕೋಳಿ ಮುದುಕರು ಹೇಳಿದ ನಾಲ್ಕು ಕೈಗಳ ವಿಚಾರ ಇಲ್ಲಿ ಬಂದಿತು. ದೋಣಿಯ ಅಡಿಯ ನಡುಗೆರೆ ಉರುಳೆಗಳ ಮೇಲೆ ಕೂರಬೇಕು; ಮಗ್ಗುಲುಗಳು ಉದ್ದನೆಯ ಮೆತ್ತೆ ಹಲಗೆಗಳ ಮೇಲೆ ಒರಗಬೇಕು; ಎಲ್ಲಕ್ಕಿಂತ ಮುಖ್ಯವಾಗಿ ಹಿಂಬದಿಯ ಹಲಗೆಯ ನೇರಕ್ಕೆ ಆಧಾರವಿರಬೇಕು, ಏಕೆಂದರೆ ಯಂತ್ರ ತೂಗುವುದು ಅಲ್ಲಿಯೇ. ದೋಣಿಯ ಹಿಂಭಾಗ ಮೆತ್ತೆ ಹಲಗೆಗಳನ್ನು ದಾಟಿ ಅಂತರದಲ್ಲಿ ತೂಗಾಡಿದರೆ, ನೂರಾರು ಮೈಲಿಯ ಕುಲುಕಾಟದಲ್ಲಿ ಅದರ ಅಡಿ ಬಾಗುತ್ತದೆ, ಬಿರುಕೂ ಬಿಡಬಹುದು. ಈ ದೋಣಿಯ ಹಿಂಬದಿ ಸುಮಾರು ಒಂದು ಗೇಣು ಹೊರಗೆ ಚಾಚಿತ್ತು.

“ನೋಡಲಿಕ್ಕೆ ಚೆನ್ನಾಗಿಯೇ ಕೂತಿದೆಯಲ್ಲ ಅಣ್ಣಾ, ನಾಳೆ ಬೆಳಗ್ಗೆ ಹೊರಟುಬಿಡೋಣ” ಎಂದ ತಮ್ಮ. ರಜೆ ಸಿಕ್ಕಿದ್ದು ಕೆಲವೇ ದಿನ. ಅವನ ಅವಸರವೂ ಸಹಜವೇ.

“ಹ್ವಾಯ್, ಮೊದ್ಲ್ ಮೂಕಿ ಎತ್ತಿ ಕಾಣ್” ಎಂದರು ದೊಡ್ಡಣ್ಣ.

ಎತ್ತಿನ ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರಗಳ ಅರ್ಥ ಗೊತ್ತು. ಹೇರು ಮುಂದಕ್ಕೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಜಜ್ಜುತ್ತದೆ; ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಉರುಳಾಗುತ್ತದೆ. ಜೀಪಿನ ಹಿಂದಣ ಗಾಡಿಗೂ ಇದೇ ನ್ಯಾಯ, ಆದರೆ ಫಲ ಇನ್ನೂ ಭಯಂಕರ. ಮುಂಭಾರ ಅತಿಯಾದರೆ ಜೀಪಿನ ಹಿಂಭಾಗ ಕುಸಿದು, ಮುಂಗಾಲಿಗಳು ಹಗುರಾಗಿ ಚುಕ್ಕಾಣಿಯ ಮಾತು ಕೇಳುವುದಿಲ್ಲ. ಹಿಂಭಾರವಾದರೆ ವೇಗ ಹೆಚ್ಚಿದಂತೆ ಗಾಡಿ ನಾಯಿಯ ಬಾಲದ ಹಾಗೆ ಆಚೆಗೀಚೆಗೆ ಬೀಸತೊಡಗುತ್ತದೆ. ಬೀಸು ಬೆಳೆದು ಬೆಳೆದು ಕಡೆಗೆ ಎಳೆಯುವ ವಾಹನವನ್ನೇ ಕೆಡಹುತ್ತದೆ. ಒಟ್ಟು ಭಾರದ ಹತ್ತರಲ್ಲೊಂದು ಪಾಲಿನ ಆಸುಪಾಸು ಕೊಂಡಿಯ ಮೇಲೆ ಬಿದ್ದರೆ ಹದ. ವಾಹನ ತಯಾರಿಸಿದವರು ಕೊಂಡಿಗೆ ಹೇಳಿರುವ ಮಿತಿಯನ್ನೂ ಅದು ಮೀರಬಾರದು.

ಇದನ್ನು ಅಳೆಯುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಮನೆಯಲ್ಲಿ ನಾವು ನಿಂತು ತೂಕ ನೋಡಿಕೊಂಡು ನಿಟ್ಟುಸಿರಿಡುವ ಸಣ್ಣ ಯಂತ್ರವೇ ಸಾಕು. ನೆಲ ಸಮವಾಗಿದ್ದಲ್ಲಿ ಗಾಡಿಯನ್ನು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ತೂಕದ ಯಂತ್ರದ ಮೇಲೆ ಮರದ ತುಂಡುಗಳನ್ನಿಟ್ಟು, ಜೀಪಿಗೆ ತಗಲಿಸಿದಾಗ ಕೊಂಡಿ ಎಷ್ಟು ಎತ್ತರದಲ್ಲಿರುವುದೋ ಅಷ್ಟೇ ಎತ್ತರಕ್ಕೆ ಅದನ್ನು ಕೂರಿಸಿದರು. ಮರದ ತೂಕ ಕಳೆದು ನೋಡಿದರೆ ಹದಿನೈದೇ ಕಿಲೊ. ದೋಣಿ ೨೫೦, ಯಂತ್ರ ೫೦, ಗಾಡಿ ೧೫೦, ಒಟ್ಟು ೪೫೦ ಕಿಲೊ. ಬೇಕಾದದ್ದು ೪೫ರ ಹತ್ತಿರ, ಇದ್ದದ್ದು ಅದರ ಮೂರರಲ್ಲೊಂದು ಪಾಲು. ಕಣ್ಣಿಗೆ ಚೆನ್ನಾಗಿ ಕೂತಿದ್ದ ದೋಣಿಯೊಳಗೆ ಅಡಗಿದ್ದ ಕೇಡನ್ನು ಆ ಪುಟ್ಟ ಯಂತ್ರ ಹೊರಗೆಡಹಿತು. ತಮ್ಮ ಮತ್ತೆ ಮಾತಾಡಲಿಲ್ಲ. ತಾನಾಗಿಯೇ ಪಾನಾ ಹಿಡಿದ.

ರಾಟೆಯ ಕಂಬವನ್ನು ಸಡಿಲಿಸಿ ಒಂದು ಗೇಣು ಮುಂದಕ್ಕೆ ಸರಿಸಿ, ದೋಣಿಯನ್ನೂ ಅಷ್ಟೇ ಮುಂದಕ್ಕೆಳೆದರು. ಒಂದು ಕಲ್ಲಿಗೆ ಎರಡು ಕಾಯಿ: ಹಿಂಬದಿಯ ಹಲಗೆ ಮೆತ್ತೆಯ ಮೇಲೆ ಕೂತಿತು, ಕೊಂಡಿಯ ಭಾರ ೩೮ ಕಿಲೊ ಆಯಿತು. ಹಿಂದುಗಡೆ ಇದ್ದ ಆರು ಕಿಲೊದ ಲಂಗರನ್ನು ಮೂತಿಯ ಕಡೆಗೆ ತಂದು ಕಟ್ಟಿದ ಮೇಲೆ ೪೪. “ಈಗ ಎತ್ತು ನೋಯುವುದಿಲ್ಲ” ಎಂದರು ದೊಡ್ಡಣ್ಣ, ಜೀಪಿನ ಬೆನ್ನು ತಟ್ಟಿ. ಪ್ರಯಾಣ ಒಂದು ದಿನ ಮುಂದಕ್ಕೆ ಹೋಯಿತು. ಹೋಗಲಿ, ದಿನ ಮತ್ತೆ ಬರುತ್ತದೆ.

ಇನ್ನು ಕಟ್ಟುವ ಕೆಲಸ. ರಾಟೆಯ ಹಗ್ಗ ದೋಣಿಯನ್ನು ಮೇಲಕ್ಕೆಳೆಯಲಿಕ್ಕೆ. ದಾರಿಯುದ್ದಕ್ಕೂ ಹಿಡಿದಿಡುವ ಹೊಣೆಯನ್ನು ಅದೊಂದಕ್ಕೇ ಒಪ್ಪಿಸಬಾರದು. ಮೂತಿಯ ಬಳೆಗೆ ಬೇರೊಂದು ಸರಪಳಿ ಬೇಕು. ಹಿಂಬದಿಯ ಎರಡು ಬಳೆಗಳಿಂದ ಚೌಕಟ್ಟಿಗೆ ಬಲಕ್ಕೊಂದು ಎಡಕ್ಕೊಂದು ಬಿಗಿಪಟ್ಟಿ ಬೇಕು. ನೈಲಾನು ಹಗ್ಗ ಮಳೆಯಲ್ಲಿ ನೆನೆದರೆ ಹಿಗ್ಗುವುದರಿಂದ ಅದನ್ನು ನೆಚ್ಚಲಾಗದು. ಪಟ್ಟಿ ಅಂಚಿಗೆ ಉಜ್ಜುವಲ್ಲಿ ಹಳೆಯ ಗೋಣಿಯನ್ನು ಮಡಿಸಿ ಇಟ್ಟರು. ದೋಣಿಯೊಳಗಿನ ಹುಟ್ಟು, ಡಬ್ಬಿ, ಜೀವರಕ್ಷಕ ಜಾಕೀಟುಗಳನ್ನೆಲ್ಲ ತೆಗೆದು ಜೀಪಿಗೆ ಹಾಕಿದರು. ಯಂತ್ರವನ್ನು ಮೇಲಕ್ಕೆತ್ತಿ, ಅದಕ್ಕೂ ಊರೆ ಕೊಟ್ಟರು. ದೋಣಿಯ ತಳದ ಬಿರಡೆಯನ್ನು ಬಿಚ್ಚಿಟ್ಟರು. ದಾರಿಯಲ್ಲಿ ಮಳೆ ಬಂದರೆ ದೋಣಿ ನೀರಿನ ತೊಟ್ಟಿಯಾಗಿ ಗಾಡಿಯ ಭಾರ ಹೆಚ್ಚಬಾರದಲ್ಲ. ಆ ಬಿರಡೆಯನ್ನು ದೊಡ್ಡಣ್ಣ ಜೀಪಿನ ಬೀಗದ ಕೈಗೆ ದಾರದಿಂದ ಕಟ್ಟಿದರು. ನೀರಿಗಿಳಿಸುವಾಗ ಬಿರಡೆ ಮರೆತರೆ ಆಗುವ ಗತಿಯನ್ನು ವಿವರಿಸಬೇಕಾಗಿಲ್ಲ.

ಕಾನೂನಿನ ಮಾತೂ ಒಂದುಂಟು. ೧೯೮೮ರ ಮೋಟಾರು ವಾಹನ ಕಾಯಿದೆ ಟ್ರೇಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಅದಕ್ಕೆ ತನ್ನದೇ ನೋಂದಣಿ ಬೇಕು. ಬೊರಿವಲಿಯವರ ವಾಹನಗಳ ಮೇಲೆ ಕಾಣುವ ‘ಎಮ್‌ಎಚ್ ೪೭’ ದೋಣಿಗಾಡಿಯ ಬೆನ್ನಿಗೂ ಬಂದಿತು. ಹಿಂದಿನ ಕೆಂಪು ದೀಪ, ತಡೆಯ ದೀಪ, ತಿರುವಿನ ದೀಪಗಳನ್ನು ಒಬ್ಬರು ಜೀಪಿನಲ್ಲಿ ಕೂತು ಬೆಳಗಿಸುತ್ತ, ಒಬ್ಬರು ಹಿಂದೆ ನಿಂತು ಕೂಗುತ್ತ ಪರೀಕ್ಷಿಸಿದರು.

ಕೊಂಡಿ ತಗಲಿಸುವುದು ಕೊನೆಯ ಕೆಲಸ. ಜೀಪಿನ ಗುಂಡು ೫೦ ಮಿಲಿಮೀಟರಿನದು. ಕೊಂಡಿಯ ಬಟ್ಟಲೂ ಅದೇ ಅಳತೆಯದಾಗಿರಬೇಕು. ಬಟ್ಟಲು ದೊಡ್ಡದಾದರೆ ಮೇಲುನೋಟಕ್ಕೆ ಕೂಡಿದಂತೆ ಕಂಡು, ಮೊದಲ ಗುಂಡಿಯಲ್ಲಿಯೇ ಹಾರಿಕೊಳ್ಳುತ್ತದೆ. ಅಗುಳಿ ಹಾಕಿ, ಪಿನ್ನು ಸೇರಿಸಿದ ಮೇಲೆ ಗಾಡಿಯ ಮುಂದಣ ಜಾಕಿಯನ್ನು ಎರಡು ಸುತ್ತು ಏರಿಸಿದರು. ಕೊಂಡಿಯೊಡನೆ ಜೀಪಿನ ಹಿಂಭಾಗವೂ ಮೇಲೆದ್ದಿತು; ಕೂಡಿಕೆ ಭದ್ರವೆಂಬುದಕ್ಕೆ ಅದೇ ಸಾಕ್ಷಿ. ಬಳಿಕ ಎರಡು ಸರಪಳಿಗಳನ್ನು ಕೊಂಡಿಯ ಅಡಿಯಲ್ಲಿ ಕತ್ತರಿಯಾಗಿ ದಾಟಿಸಿ ಜೀಪಿಗೆ ಸಿಕ್ಕಿಸಿದರು. ಒಂದು ವೇಳೆ ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬಡಿಯದೆ ಆ ಕತ್ತರಿಯ ತೊಟ್ಟಿಲಲ್ಲಿ ಬಿದ್ದು ನಿಲ್ಲುತ್ತದೆ. ಸರಪಳಿ ನೆಲಕ್ಕೆ ಉಜ್ಜುವಷ್ಟು ಸಡಿಲವೂ ಬೇಡ, ತಿರುವಿನಲ್ಲಿ ಸೆಟೆಯುವಷ್ಟು ಬಿಗಿಯೂ ಬೇಡ.

ದೀಪಾವಳಿ ಕಳೆದ ಒಂದು ಬೆಳಗಿನ ಜಾವ, ಬೊರಿವಲಿಯ ರಸ್ತೆಗಳು ಇನ್ನೂ ನಿದ್ದೆಯಲ್ಲಿರುವಾಗಲೇ ಹೊರಟೆವು. ಮುಂದೆ ಜೀಪು, ಅದರ ಬೆನ್ನಿಗೆ ದೋಣಿ, ಹಿಂದಿನ ಕಾರಿನಲ್ಲಿ ನಾವು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಪಶ್ಚಿಮ ದ್ರುತಮಾರ್ಗ ಹಿಡಿದು ಉತ್ತರಕ್ಕೆ ಹೋಗಿ, ರಾಷ್ಟ್ರೀಯ ಉದ್ಯಾನದ ಬಡಗಣ ಅಂಚನ್ನು ಬಳಸುವ ಘೋಡ್‌ಬಂದರ್ ರಸ್ತೆಗೆ ತಿರುಗಿದೆವು. ಎಡಕ್ಕೆ ಖಾಡಿಯ ಮೇಲೆ ಮಂಜು, ಬಲಕ್ಕೆ ಕಾಡಿನ ಕಪ್ಪು. ಠಾಣೆ ದಾಟಿ ಪನವೇಲಿನ ದಾರಿ. ತಾಸಿಗೆ ೫೦ ಕಿಲೊಮೀಟರು ದಾಟಕೂಡದು, ಕತ್ತಲಾದ ಮೇಲೆ ಓಡಿಸಕೂಡದು, ದೋಣಿಯೊಳಗೆ ಯಾರೂ ಕೂರಕೂಡದು ಎಂದು ದೊಡ್ಡಣ್ಣನವರ ಮೂರು ಕಟ್ಟಳೆಗಳು. ಮೂರನೆಯದು ಮಕ್ಕಳ ಮುಖ ನೋಡಿ ಮಾಡಿದ್ದು. ತಿರುವಿನಲ್ಲಿ ಗಾಡಿಯ ಗಾಲಿ ಜೀಪಿನ ಗಾಲಿಯ ಜಾಡು ಹಿಡಿಯದೆ ಒಳಕ್ಕೆ ಕತ್ತರಿಸಿಕೊಂಡು ಬರುವುದರಿಂದ ತಮ್ಮ ಪ್ರತಿ ತಿರುವನ್ನೂ ಅಗಲವಾಗಿ ತೆಗೆದುಕೊಳ್ಳುತ್ತಿದ್ದ.

ಸುಮಾರು ೬೦ ಕಿಲೊಮೀಟರು ನಡೆದು ಪನವೇಲಿನಲ್ಲಿ ಚಹಕ್ಕೆ ನಿಂತಾಗ ದೊಡ್ಡಣ್ಣ ಹೊಟೇಲಿನೊಳಗೆ ಬರಲಿಲ್ಲ. ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎರಡೂ ಗುಂಬಗಳನ್ನು ಕೈಯಿಂದ ಮುಟ್ಟಿ ನೋಡಿದರು. ಬಲಗಡೆಯದು ಬೆಚ್ಚಗೆ; ಎಡಗಡೆಯದನ್ನು ಮುಟ್ಟಿದ ಕೈ ನಿಲ್ಲಲಿಲ್ಲ. ಬೇರಿಂಗಿನ ನಟ್ಟು ತುಸು ಹೆಚ್ಚೇ ಬಿಗಿಯಾಗಿ ಕೂತಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟು, ಗಾಡಿ ಎತ್ತಿ, ಗುಂಬದ ಮುಚ್ಚಳ ತೆಗೆದು, ನಟ್ಟನ್ನು ಒಂದು ಹಲ್ಲು ಸಡಿಲಿಸಿ ಹೊಸ ಪಿನ್ನು ಹಾಕಿದರು. ಅಷ್ಟರಲ್ಲಿ ಅವರ ಚಹ ಆರಿತ್ತು. ಹಾಗೆಯೇ ಬಿಟ್ಟಿದ್ದರೆ ಮಹಾಡ್ ತಲುಪುವುದರೊಳಗೆ ಗ್ರೀಸು ಕರಗಿ, ಬೇರಿಂಗು ಸುಟ್ಟು, ಗಾಲಿ ತನ್ನ ದಾರಿ ತಾನು ಹಿಡಿಯುತ್ತಿತ್ತು. ಅಲ್ಲಿಯೇ ಗಾಲಿಯ ನಟ್ಟುಗಳನ್ನೂ, ಪಟ್ಟಿಗಳನ್ನೂ ಮತ್ತೊಮ್ಮೆ ಬಿಗಿದರು. ಹೊಸ ಗಾಡಿ ಮೊದಲ ಕುಲುಕಾಟದಲ್ಲಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಗ ಸಡಿಲುವುದು ಸಹಜ.

ಪನವೇಲಿನಿಂದ ಮುಂದಿನದು ನಮ್ಮವರೆಲ್ಲರಿಗೂ ಬಾಯಿಪಾಠವಾದ ೬೬ನೆಯ ಹೆದ್ದಾರಿ. ಪೇಣ್, ಮಹಾಡ್; ಕಶೇಡಿ ಘಟ್ಟಕ್ಕೆ ಈಗ ಸುರಂಗವಾಗಿದೆ. ಚಿಪಳೂಣಕ್ಕೆ ಇಳಿಯುವ ಪರಶುರಾಮ ಘಟ್ಟದಲ್ಲಿ ಬಸ್ಸೊಂದು ನಮ್ಮನ್ನೂ ಜೀಪನ್ನೂ ಒಂದೇ ಉಸಿರಿನಲ್ಲಿ ಹಿಂದಿಕ್ಕಿ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ದೋಣಿಗಾಡಿ ಒಮ್ಮೆ ಎಡಕ್ಕೆ ತುಯ್ದು, ಒಮ್ಮೆ ಬಲಕ್ಕೆ ತುಯ್ದಿತು. ಹಿಂದೆ ಕೂತ ನಮ್ಮೆದೆ ಬಾಯಿಗೆ ಬಂದಿತ್ತು. ಇಂಥ ಹೊತ್ತಿನಲ್ಲಿ ಯಾರಿಗಾದರೂ ಮನಸ್ಸಾಗುವುದು ತಡೆಯನ್ನು ಬಲವಾಗಿ ತುಳಿಯಲಿಕ್ಕೆ, ಇಲ್ಲವೆ ಚುಕ್ಕಾಣಿಯನ್ನು ಎದುರಿಗೆ ತಿರುಗಿಸಲಿಕ್ಕೆ. ಎರಡೂ ಬೀಸನ್ನು ಬೆಳೆಸುತ್ತವೆ. ತಮ್ಮ ಹಾಗೆ ಮಾಡಲಿಲ್ಲ. ಚುಕ್ಕಾಣಿಯನ್ನು ನೇರ ಹಿಡಿದು, ವೇಗದ ಪೆಡಲಿನಿಂದ ಕಾಲು ತೆಗೆದ. ಗಾಡಿ ಮತ್ತೊಮ್ಮೆ ಮಾತ್ರ ಓಲಾಡಿ ಸರಿಹೋಯಿತು. ಕೊಂಡಿಯ ಮೇಲೆ ಹದಿನೈದೇ ಕಿಲೊ ಇದ್ದಿದ್ದರೆ ಆ ಇಳಿಜಾರಿನಲ್ಲಿ ಏನಾಗುತ್ತಿತ್ತೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ನಿಂತಲ್ಲಿ ತಮ್ಮ ಅಣ್ಣನಿಗೆ ತಾನೇ ಹೋಗಿ ಬಿಸಿ ಚಹ ತಂದುಕೊಟ್ಟ.

ಮೂರನೆಯ ದಿನ ಕಾರವಾರ, ಭಟ್ಕಳ ದಾಟಿ ಮರವಂತೆ. ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ಆ ರಸ್ತೆಯ ಮೇಲೆ ಮುಂಬಯಿಯಿಂದ ಬಂದ ದೋಣಿ. ತ್ರಾಸಿಯಲ್ಲಿ ಹೊರಳಿ ಗಂಗೊಳ್ಳಿಯ ಕಡೆಗೆ ಇಳಿದೆವು. ಹೊಳೆ ಕಂಡೊಡನೆ ಗಾಡಿಯನ್ನು ನೀರಿಗೆ ನುಗ್ಗಿಸಬಾರದು ಎಂಬುದು ಕಡೆಯ ಪಾಠ. ಓಡಿ ಬಿಸಿಯಾದ ಗುಂಬವನ್ನು ತಣ್ಣೀರಿನಲ್ಲಿ ಅದ್ದಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಹೀರುತ್ತದೆ. ಉಪ್ಪುನೀರು ಹೊಕ್ಕ ಬೇರಿಂಗು ಹೆಚ್ಚು ಕಾಲ ಬಾಳದು. ಆದ್ದರಿಂದ ತೆಂಗಿನ ನೆರಳಿನಲ್ಲಿ ಒಂದು ತ್ರಾಸು ಕಾದೆವು. ಆ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಬಂದು ನೆರೆದರು. ದೀಪದ ತಂತಿಯನ್ನು ಬಿಡಿಸಿ, ಬೀಗದ ಕೈಗೆ ಕಟ್ಟಿದ್ದ ಬಿರಡೆಯನ್ನು ಅದರ ಜಾಗಕ್ಕೆ ಬಿಗಿದು, ಹಿಂಬದಿಯ ಪಟ್ಟಿಗಳನ್ನು ಬಿಚ್ಚಿ, ರಾಟೆಯ ಹಗ್ಗವನ್ನು ಮಾತ್ರ ಇರಗೊಟ್ಟು, ತಮ್ಮ ಜೀಪನ್ನು ಹಿಮ್ಮುಖವಾಗಿ ಬಿಟ್ಟ. ಹಿಮ್ಮುಖ ನಡೆಗೂ ಒಂದು ಸುಳುವಿದೆ: ಚುಕ್ಕಾಣಿಯ ಕೆಳತುದಿಯಲ್ಲಿ ಕೈಯಿಟ್ಟರೆ, ಕೈ ಯಾವ ಕಡೆಗೆ ಸರಿಯುವುದೋ ಗಾಡಿಯ ಹಿಂಬದಿಯೂ ಆ ಕಡೆಗೇ ಹೋಗುತ್ತದೆ.

ಗಾಲಿ ಮುಳುಗುತ್ತ ಬಂದಂತೆ ದೋಣಿಯ ಹಿಂಬದಿ ಮೆಲ್ಲನೆ ಎದ್ದಿತು. ನಾಲ್ಕು ಕೈಗಳ ಮೇಲೆ ಮೂರು ದಿನ ಕೂತು ಬಂದದ್ದನ್ನು ಹೊಳೆ ತನ್ನ ನೂರು ಕೈಗಳಿಂದ ಎತ್ತಿಕೊಂಡಿತು. ದೊಡ್ಡಣ್ಣ ಒಳಗೆ ಬಗ್ಗಿ, ತಳದಲ್ಲಿ ಎಲ್ಲಿಯಾದರೂ ನೀರು ಜಿನುಗಿದೆಯೇ ಎಂದು ಅಂಗೈಯಿಂದ ಸವರಿ ನೋಡಿದರು. ಒಣಗಿತ್ತು. ಕುದ್ರುವಿನ ದಡದಲ್ಲಿ ಮುದಿತಾಯಿ ಕೈಯನ್ನು ಹಣೆಗೆ ಹಿಡಿದು ಇತ್ತ ನೋಡುತ್ತ ನಿಂತಿದ್ದರು.

ಮುಂಬಯಿಯಲ್ಲಿ ದುಡಿದ ನಾವು ಊರಿಗೆ ಹಣ ಕಳಿಸುತ್ತೇವೆ, ಸೀರೆ, ಸಿಹಿತಿಂಡಿ ಒಯ್ಯುತ್ತೇವೆ. ಒಂದು ದೋಣಿಯನ್ನು ಒಯ್ಯುವವರು ಅಪರೂಪ. ಆದರೆ ಒಯ್ಯುವುದು ಏನೇ ಇರಲಿ, ಅದು ತಲುಪಬೇಕಾದರೆ ಹೊರಡುವ ಮುನ್ನ ಒಂದು ದಿನ ತಡವಾದರೂ ಮೂಕಿ ಎತ್ತಿ ನೋಡುವವರು ಮನೆಯಲ್ಲೊಬ್ಬರು ಇರಬೇಕು. ದಾರಿಯಲ್ಲಿ ಚಹ ಆರಿದರೂ ಗುಂಬ ಮುಟ್ಟಿ ನೋಡುವವರು ಇರಬೇಕು. ಮರುದಿನ ಬೆಳಗ್ಗೆ ಏಳೂವರೆಗೆ ಆ ದೋಣಿಯ ಮೊದಲ ಪ್ರಯಾಣ ನಡೆಯಿತು. ಜೀವರಕ್ಷಕ ಜಾಕೀಟು ತೊಟ್ಟ ಇಬ್ಬರು ಮಕ್ಕಳು, ಇಬ್ಬರ ಬೆನ್ನಿಗೂ ಶಾಲೆಯ ಚೀಲ.